ಆಡಬೇಡ ಎಂದವರಿಗೂ ಥ್ಯಾಂಕ್ಸ್

ಸುದ್ದಿ ನಿಮಗೆಲ್ಲ ಗೊತ್ತಾಗಿದೆ. ಇನ್ನು ಮುಂದೆ ನಾನು ಬ್ಯಾಸ್ಕೆಟ್‌ಬಾಲ್ ಆಡುವುದಿಲ್ಲ. ವಯಸ್ಸಾಯಿತು ಅಂತ ಬಿಟ್ಟದ್ದಲ್ಲ, ಬೇಜಾರಾಗಿ ಬಿಟ್ಟದ್ದೂ ಅಲ್ಲ. ಎಡ ಮಂಡಿ ಕೈಕೊಟ್ಟಿದೆ, ಅಷ್ಟೇ. ಎಷ್ಟೊಂದು ಮೆಸೇಜು ಬಂದಿವೆ ಅಂದ್ರೆ ಒಬ್ಬೊಬ್ಬರಿಗೇ ಉತ್ತರ ಬರೆಯಲು ಆಗುತ್ತಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇದು.

ಮೊದಲು ಎದುರಾಳಿ ತಂಡದ ಆ ಸೆಂಟರ್‌ಗೆ, ಅಂದ್ರೆ ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರರಿಗೆ. ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು) ಹಿಡಿದು ಕೆಳಗಿಳಿದಾಗ ನನ್ನ ಮಂಡಿ ಒಳಕ್ಕೆ ತಿರುಚಿಕೊಂಡಿತು. ಯಾರೂ ಮುಟ್ಟಿರಲಿಲ್ಲ. ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು) ಹರಿಯುವುದು ಬಹಳ ಸಲ ಹೀಗೇ, ಡಿಕ್ಕಿ ಹೊಡೆದಾಗಲ್ಲ, ನೆಲಕ್ಕೆ ಕಾಲೂರುವಾಗ. ಚೆಂಡು ಉರುಳಿ ಅವರ ಕೈ ಸೇರಿತು. ರಿಂಗ್ ತಲೆಯ ಮೇಲೇ ಇತ್ತು, ಸುಮ್ನೆ ಎತ್ತಿ ಹಾಕಿದ್ದರೆ ಎರಡು ಪಾಯಿಂಟ್. ಅವರು ಚೆಂಡನ್ನು ಹೊರಗೆಸೆದು ರೆಫರಿಯನ್ನು ಕೂಗಿದರು. ಆಮೇಲೆ ಅವರ ಕೋಚ್ ಏನಂದರೋ ಗೊತ್ತಿಲ್ಲ. ನನ್ನಿಂದ ಒಂದು ದೊಡ್ಡ ಥ್ಯಾಂಕ್ಸ್.

ಆಪರೇಷನ್ ಆದ ಮೇಲಿನ ಮೊದಲ ವಾರಗಳ ಬಗ್ಗೆ ಯಾರೂ ಹೇಳುವುದಿಲ್ಲ. ಓಡುವುದು, ಹಾರುವುದು ದೂರದ ಮಾತು. ಕಾಲು ಪೂರ್ತಿ ನೇರ ಆಗಬೇಕು, ತೊಡೆಯ ಸ್ನಾಯು ಹೇಳಿದ ಮಾತು ಕೇಳಬೇಕು, ಇಷ್ಟೇ ಕೆಲಸ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್. ಮಂಡಿಯನ್ನು ಕೆಳಗೆ ಒತ್ತು ಅಂತಾರೆ ಫಿಸಿಯೋ. ನಾನು ಹಲ್ಲು ಕಚ್ಚಿ ಒತ್ತುತ್ತೇನೆ, ತೊಡೆ ಅಲ್ಲಾಡುವುದೇ ಇಲ್ಲ! ಅಷ್ಟು ವರ್ಷ ಬೆಳೆಸಿದ ಸ್ನಾಯು ಕೆಲವೇ ದಿನಗಳಲ್ಲಿ ಕರಗಿಹೋಗಿತ್ತು. ಅವರು ಮಂಡಿಚಿಪ್ಪಿನ ಮೇಲ್ಭಾಗದಲ್ಲಿ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ಕಾಯುತ್ತಿದ್ದರು. ಒಂದು ದಿನ "ಬಂತು" ಅಂದರು. ನನಗೇನೂ ಗೊತ್ತಾಗಿರಲಿಲ್ಲ, ಅವರ ಬೆರಳಿಗೆ ಗೊತ್ತಾಗಿತ್ತು. ಫಿಸಿಯೋ ಸರ್, ನಿಮ್ಮನ್ನು ನಾನು ಬಾಯಿಗೆ ಬಂದಂತೆ ಬೈದದ್ದೂ ಉಂಟು. ನೀವು ನಗುತ್ತಾ ಇನ್ನೊಂದು ಸೆಟ್ ಮಾಡಿಸಿದಿರಿ.

ನಾನು ವಾಪಸ್ ಬಂದೆ, ಆಡಿದೆ ಕೂಡ. ಆದರೆ ಪ್ರತಿ ಪಂದ್ಯದ ಮರುದಿನ ಮಂಡಿ ಊದಿಕೊಳ್ಳುತ್ತಿತ್ತು. ಒಳಗೆ ಮೂಳೆಗಳ ತುದಿಗೆ ಮೆತ್ತೆಯಂತಿರುವ ಕಾರ್ಟಿಲೇಜ್ ಸವೆದಿತ್ತು. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಕಾರ್ಟಿಲೇಜ್ ಹಾಗಲ್ಲ. ಅದಕ್ಕೆ ರಕ್ತನಾಳಗಳೇ ಇಲ್ಲ, ತಾನಾಗಿ ವಾಸಿಯಾಗುವುದು ಕಷ್ಟ. ಮೂಳೆಯಲ್ಲಿ ಸಣ್ಣ ತೂತು ಮಾಡಿ ಹೊಸ ಪದರ ಬೆಳೆಸುವ ಮೈಕ್ರೋಫ್ರ್ಯಾಕ್ಚರ್ ಕೂಡ ಮಾಡಿಸಿಕೊಂಡೆ. ಹಾಗೆ ಬೆಳೆಯುವ ಪದರ ಮೊದಲಿನಷ್ಟು ಗಟ್ಟಿ ಇರುವುದಿಲ್ಲ.

ಆಗ ನೀವೆಲ್ಲ ನನಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡಿದ ಶಾನ್ ಲಿವಿಂಗ್‌ಸ್ಟನ್ ವಿಡಿಯೋ ಕಳಿಸಿದಿರಿ. 2007ರಲ್ಲಿ ಮಂಡಿ ನುಚ್ಚುನೂರಾದ ಮನುಷ್ಯ ಮುಂದೆ ಗೋಲ್ಡನ್ ಸ್ಟೇಟ್ ತಂಡದ ಜೊತೆ ಮೂರು ಸಲ ಚಾಂಪಿಯನ್ ಆದರು. ನಿಜ. ನೋಡಿದಾಗಲೆಲ್ಲ ಹುರುಪು ಬರುತ್ತಿತ್ತು, ಅದಕ್ಕೆ ಥ್ಯಾಂಕ್ಸ್. ಆದರೆ ಬ್ರ್ಯಾಂಡನ್ ರಾಯ್ ವಿಡಿಯೋ ಯಾರೂ ಕಳಿಸಲಿಲ್ಲ, ಅಲ್ವಾ? ಅವರೂ ಅದೇ ಲೀಗಿನವರು, 2007ರ ರೂಕಿ ಆಫ್ ದಿ ಇಯರ್, ಅಂದ್ರೆ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ. ಮಂಡಿಗಳ ಕಾರಣಕ್ಕೇ 2011ರಲ್ಲಿ, 27ನೇ ವಯಸ್ಸಿಗೆ ನಿವೃತ್ತಿ. ಮರುವರ್ಷ ಮನಸ್ಸು ತಡೆಯದೆ ವಾಪಸ್ ಬಂದರು, ಐದೇ ಪಂದ್ಯ ಆಡಲಾಯಿತು. ಅವರ ಹೆಸರೆತ್ತಿದ್ದು ನನ್ನ ಸರ್ಜನ್. "ನಡೀಬಹುದು, ಮೆಟ್ಟಿಲು ಹತ್ತಬಹುದು, ಮಗಳನ್ನ ಎತ್ತಿಕೊಂಡು ಓಡಾಡಬಹುದು. ಇನ್ನೂ ಎರಡು ಸೀಸನ್ ಆಡಿದರೆ ಇವಕ್ಕೆಲ್ಲ ಗ್ಯಾರಂಟಿ ಕೊಡಲ್ಲ" ಅಂದರು. ಆ ರೂಮಿನಲ್ಲಿ ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವ ರೆಫರಿಯ ಮೇಲೂ ಬಂದಿರಲಿಲ್ಲ. ಡಾಕ್ಟರೇ, ಇನ್ನೊಂದು ಇಂಜೆಕ್ಷನ್ ಕೊಟ್ಟು ಕಳಿಸುವುದು ನಿಮಗೆ ಸುಲಭವಿತ್ತು. ನೀವು ಹಾಗೆ ಮಾಡಲಿಲ್ಲ.

ಅಮ್ಮ ಮಾತ್ರ ಮೊದಲಿಂದಲೂ ಸಾಕು ಮಗಾ ಅಂತಲೇ ಇದ್ದಳು. ಅವಳಿಗೆ ಎಕ್ಸ್‌ರೇ ಬೇಕಾಗಿರಲಿಲ್ಲ, ನಾನು ಕುರ್ಚಿಯಿಂದ ಏಳುವುದನ್ನು ನೋಡಿದರೆ ಸಾಕಾಗಿತ್ತು.

ಕೋಚ್ ಬಗ್ಗೆ ಬರೆದರೆ ಪುಟ ಸಾಲದು. ಒಂದೇ ಮಾತು: ಆಡಲಾಗದ ದಿನಗಳಲ್ಲೂ ನನ್ನನ್ನು ಬೆಂಚಿನ ತುದಿಗೆ ತಳ್ಳಲಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡು "ಎದುರಿನವರು ಸ್ಕ್ರೀನ್ (ನಮ್ಮವರಿಗೆ ಅಡ್ಡ ನಿಂತು ತಮ್ಮವರಿಗೆ ದಾರಿ ಬಿಡಿಸುವುದು) ಎಲ್ಲಿ ಹಾಕ್ತಾರೆ, ನೋಡಿ ಹೇಳು" ಅಂದರು. ಹೊಸ ಸೀಸನ್ನಿಂದ ಅದೇ ನನ್ನ ಕೆಲಸ.

ಕೊನೆಗೆ, ನನ್ನ ಜಾಗಕ್ಕೆ ಬಂದ ಹುಡುಗನಿಗೆ. ಮೊದಲ ದಿನವೇ ನೀನು ಮುಜುಗರಪಟ್ಟುಕೊಂಡು "ಅಣ್ಣಾ, ಪೋಸ್ಟಲ್ಲಿ (ರಿಂಗ್ ಹತ್ತಿರದ ಜಾಗದಲ್ಲಿ) ಕಾಲು ಹೇಗಿಡಬೇಕು ತೋರಿಸ್ತೀರಾ" ಅಂದೆಯಲ್ಲ, ಆ ಇಡೀ ತಿಂಗಳಲ್ಲಿ ನನಗೆ ಸಿಕ್ಕ ಒಳ್ಳೇ ಗಳಿಗೆ ಅದೊಂದೇ. ನಿನ್ನ ಎಡಗೈ ಹುಕ್ ಶಾಟ್ ಮಾತ್ರ ಇನ್ನೂ ತೀರಾ ಕೆಟ್ಟದಾಗಿದೆ. ಸೋಮವಾರ ಬೇಗ ಬಾ.