ಗಣಿ ಕೆಲಸದವರ ನೆನಪಿಗೊಂದು ಕೋಣೆ: ನಿಮ್ಮ ನೆರವು ಬೇಕು

ಆತ್ಮೀಯರೇ,

ಚಿನ್ನದ ಗಣಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಕೆಜಿಎಫ್. ಸಹಜವೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಕೆಲಸ ಹಿಡಿದದ್ದು ಅಲ್ಲಿ. 1902ರಲ್ಲಿ ಶಿವನಸಮುದ್ರದ ಕರೆಂಟು ಹೋದದ್ದೂ ಅಲ್ಲಿಗೆ. ಆದರೆ ಅದೇ ಚಿನ್ನದ ಕಲ್ಲಿನ ಪಟ್ಟಿ ಗಡಿ ದಾಟಿ ನಮ್ಮ ಚಿತ್ತೂರು ಜಿಲ್ಲೆಗೂ ಬರುತ್ತದೆ. ಚಿಗರಗುಂಟ, ಬಿಸಾನತ್ತಂಗಳಲ್ಲೂ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಗಣಿ ನಡೆಸುತ್ತಿತ್ತು. ಈ ಸಣ್ಣ ಗಣಿಗಳ ಕಥೆ ನಮ್ಮ ಶಾಲೆಯ ಮಕ್ಕಳಿಗೇ ಗೊತ್ತಿಲ್ಲ ಅಂದರೆ ಬೇಜಾರಾಗಲ್ವಾ?

ಬೆಣಚುಕಲ್ಲು ಒಡೆದು, ಪುಡಿ ಮಾಡಿ, ಸೈನೈಡ್ ನೀರಲ್ಲಿ ಕರಗಿಸಿ ಚಿನ್ನ ತೆಗೆಯುತ್ತಿದ್ದರು. ಒಂದು ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಅದಕ್ಕಾಗಿ ಕಲ್ಲಿನ ದೂಳು ಕುಡಿದು ಎದೆ ಕೆಡಿಸಿಕೊಂಡವರು ನಮ್ಮ ಮನೆಗಳಲ್ಲೇ ಇದ್ದಾರೆ. 2001ರ ಫೆಬ್ರವರಿ 28ಕ್ಕೆ ಕಂಪನಿಗೇ ಬೀಗ ಬಿತ್ತು. ಆಮೇಲೆ ಎಷ್ಟೋ ಜನ ರೈಲು ಹತ್ತಿ ಬೆಂಗಳೂರಿನ ಕೂಲಿಗೆ ಹೋದರು.

ಹೋದ ವರ್ಷ ಒಬ್ಬ ಅಜ್ಜಿ ಶಾಲೆಗೆ ಒಂದು ಹಿತ್ತಾಳೆ ಟೋಕನ್ ತಂದುಕೊಟ್ಟರು. ರೂಪಾಯಿಗಿಂತ ಸ್ವಲ್ಪ ದೊಡ್ಡದು, ಮೇಲೆ ತೂತು. ನಂಬರು ಅರ್ಧ ಸವೆದಿದೆ. ಗಣಿಗೆ ಇಳಿಯುವ ಮೊದಲು ಕೆಲಸದವರು ಟೋಕನ್ ಕೊಡಬೇಕಿತ್ತು, ಮೇಲೆ ಬಂದ ಮೇಲೆ ವಾಪಸ್ ಪಡೆಯಬೇಕಿತ್ತು. ಶಿಫ್ಟ್ ಮುಗಿದ ಮೇಲೂ ಹಲಗೆಯಲ್ಲಿ ಟೋಕನ್ ಉಳಿದಿದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದೇ ಲೆಕ್ಕ. ಅಜ್ಜಿ ಇದನ್ನು ಹೇಳುವಾಗ ಇಡೀ ಏಳನೇ ಕ್ಲಾಸು ಸುಮ್ನೆ ಕೂತು ಕೇಳಿತು.

ಶಾಲೆಯ ಹಿಂದಿನ ಹಳೆ ಕೊಠಡಿಯನ್ನು ಗಣಿ ನೆನಪಿನ ಕೋಣೆ ಮಾಡಬೇಕೆಂದು ಆಗಲೇ ತೀರ್ಮಾನಿಸಿದೆವು. ಮೊದಲು ಸೋರುವ ಚಾವಣಿ ರಿಪೇರಿ ಆಗಬೇಕು. ಗಾಜಿನ ಬೀರು ಬೇಕು. ಎಲ್ಲಕ್ಕಿಂತ ಜಾಸ್ತಿ ಅವಸರ ಇರುವುದು ಹಿರಿಯರ ಮಾತು ರೆಕಾರ್ಡ್ ಮಾಡುವುದಕ್ಕೆ. ಕನ್ನಡ, ತೆಲುಗು, ತಮಿಳು, ಅವರಿಗೆ ಯಾವುದು ಸಲೀಸೋ ಅದರಲ್ಲೇ ಹೇಳಲಿ. ಅವರಲ್ಲಿ ಹಲವರಿಗೆ ಈಗ ಉಸಿರಾಡುವುದೇ ಕಷ್ಟ. ಇನ್ನೂ ಕಾಯುವಂತಿಲ್ಲ.

ನೂರು ರೂಪಾಯಿ ಕೊಟ್ಟರೂ ನಮಗೆ ದೊಡ್ಡದು. ಹಣವನ್ನು ಶಾಲಾ ಕಚೇರಿಯಲ್ಲೇ ಕೊಟ್ಟು ರಸೀದಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಹಳೆ ಫೋಟೊ, ಸಂಬಳದ ಚೀಟಿ, ತಲೆಗೆ ಕಟ್ಟುವ ದೀಪ ಇದ್ದರೂ ತನ್ನಿ. ಫೋಟೊಗಳ ನಕಲು ತೆಗೆದು ನಿಮಗೇ ಮರಳಿಸುತ್ತೇವೆ. ಒಂದೇ ಒಂದು ಕೋರಿಕೆ: ವಸ್ತು ಹುಡುಕಲು ಹಳೆ ಗುಂಡಿಗಳ ಹತ್ತಿರ, ಸೈನೈಡ್ ಮಣ್ಣಿನ ದಿಬ್ಬಗಳ ಹತ್ತಿರ ಯಾರೂ ಹೋಗಬೇಡಿ, ಮಕ್ಕಳನ್ನಂತೂ ಕಳಿಸಲೇಬೇಡಿ. ಮನೆಯ ಅಟ್ಟದಲ್ಲಿ ಸಿಕ್ಕಿದ್ದು ಸಾಕು.

ಇಂತಿ,
ಶಾಲಾ ಸಮಿತಿ ಮತ್ತು ಹಳೆ ವಿದ್ಯಾರ್ಥಿಗಳು