ಆನ್‌ಲೈನ್ ಕೋರ್ಸಿನಲ್ಲಿ ಕನ್ನಡದ ಸರಿಯುತ್ತರಕ್ಕೂ ಸೊನ್ನೆ

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳೂ ಕಾಲೇಜುಗಳೂ ಕೂಡಿ ಪದವಿ ಮಟ್ಟದ ಮುಕ್ತ ಆನ್‌ಲೈನ್ ಕೋರ್ಸು ಆರಂಭಿಸಬೇಕೆಂಬ ಮಾತು ಆಗಾಗ ಏಳುತ್ತದೆ. ಸ್ಟುಡಿಯೊ, ಕ್ಯಾಮೆರಾಗಳ ಖರ್ಚಿನ ಲೆಕ್ಕಕ್ಕೆ ಬಂದು ನಿಂತುಬಿಡುತ್ತದೆ. ವಿಡಿಯೊ ಈಗ ಅಂಥ ತಲೆನೋವೇನಲ್ಲ. ಒಂದೇ ಪಾಠವನ್ನು ಮೂರ್ನಾಲ್ಕು ಗುಣಮಟ್ಟದಲ್ಲಿ, ಸುಮಾರು 6 ಸೆಕೆಂಡಿನ ತುಂಡುಗಳಾಗಿ ಸರ್ವರ್‌ನಲ್ಲಿಟ್ಟರೆ, ನೆಟ್‌ವರ್ಕ್ ಕುಗ್ಗಿದಾಗ ಪ್ಲೇಯರ್ ತಾನೇ ಹಗುರವಾದ ತುಂಡನ್ನು ತರಿಸಿಕೊಳ್ಳುತ್ತದೆ. ಸೆಕೆಂಡಿಗೆ 800 ಕಿಲೋಬಿಟ್‌ನ ವಿಡಿಯೊ ಗಂಟೆಗೆ 360 ಎಂಬಿ ತಿಂದರೆ, 250 ಕಿಲೋಬಿಟ್‌ನದು ಸುಮಾರು 113 ಎಂಬಿಯಲ್ಲಿ ಮುಗಿಯುತ್ತದೆ. ಲೋಕಲ್ ರೈಲಿನಲ್ಲಿ ನಿಂತು ನೋಡುವವರಿಗೆ ಅಷ್ಟು ಸಾಕು. ಆದರೆ ಆ ಮಟ್ಟದಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ. ಸ್ಲೈಡಿನ ಅಕ್ಷರ ದೊಡ್ಡದಿರಲಿ, ಪಿಡಿಎಫ್ ಬೇರೆಯಾಗಿ ಸಿಗಲಿ.

ಕನ್ನಡದ ಕೋರ್ಸು ಎಡವುವುದು ಉತ್ತರ ತಿದ್ದುವಾಗ. ಸಾವಿರಾರು ಜನರ ಕಿರು ಉತ್ತರಗಳನ್ನು ಸಾಫ್ಟ್‌ವೇರ್ ಸಂಕೇತಕ್ಕೆ ಸಂಕೇತ ತಾಳೆ ನೋಡುತ್ತದೆ. ತಲಕಾವೇರಿ ಇರುವ ಜಿಲ್ಲೆ ಯಾವುದು ಎಂದು ಕೇಳಿದಿರಿ, ಉತ್ತರ ‘ಕೊಡಗು’. ಇಲ್ಲಿನ ಒ-ಕಾರವನ್ನು ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಒಂದೇ ಸಂಕೇತದಿಂದಲೂ ಮೂಡಿಸಬಹುದು, ಎ-ಕಾರ ಮತ್ತು ಊ-ಕಾರದ ಎರಡು ಚಿಹ್ನೆ ಕೂಡಿಸಿಯೂ ಮೂಡಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ತಾಳೆ ನೋಡುವ ಮೊದಲು ಎರಡನ್ನೂ ಎನ್‌ಎಫ್‌ಸಿ ಎಂಬ, ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪಕ್ಕೆ ತಂದರೆ ಈ ತೊಡಕು ಹೋಗುತ್ತದೆ. ‘ಸಾಫ್ಟ್‌ವೇರ್’ ಪದದಲ್ಲಿ ‘ವ’ ಒತ್ತಾಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ ಮಾತ್ರ ಅದರಿಂದಲೂ ಹೋಗದು. ಕೆಲವೊಮ್ಮೆ ಅದು ಪದದ ಕೊನೆಯಲ್ಲಿ ಕಣ್ಣಿಗೆ ಕಾಣದೆ ಉಳಿದಿರುತ್ತದೆ. ತಾಳೆ ನೋಡುವಾಗಷ್ಟೇ ಅದನ್ನು ಎರಡೂ ಕಡೆ ತೆಗೆಯಬೇಕು, ಪ್ರದರ್ಶನದಲ್ಲಿ ತೆಗೆಯಬಾರದು. ಗುರುತ್ವ ವೇಗೋತ್ಕರ್ಷದ ಬೆಲೆ ಕೇಳಿದರೆ ‘೯.೮’ ಮತ್ತು ‘9.8’ ಎರಡಕ್ಕೂ ಅಂಕ ಸಿಗಲಿ. ಶೇಕಡಾ 1ರ ವ್ಯತ್ಯಾಸಕ್ಕೆ ಅವಕಾಶವಿಟ್ಟರೆ 9.81 ಬರೆದವರೂ ಪಾರು. ಮುಂಬಯಿ, ಮುಂಬೈ ಎಂಬಂಥ ಜೋಡಿರೂಪಗಳನ್ನು ಪ್ರಶ್ನೆ ಬರೆದವರೇ ಪಟ್ಟಿಮಾಡಬೇಕು, ಬೇರೆ ದಾರಿಯಿಲ್ಲ.

ಇದಕ್ಕಾಗಿ ಹೊಸ ಸಾಫ್ಟ್‌ವೇರ್ ಕಟ್ಟಬೇಕಿಲ್ಲ. ಎಂಐಟಿ, ಹಾರ್ವರ್ಡ್‌ಗಳ ಎಡ್‌ಎಕ್ಸ್ 2013ರಲ್ಲಿ ಮುಕ್ತವಾಗಿ ಬಿಟ್ಟ, ಆನ್‌ಲೈನ್ ಕೋರ್ಸು ನಡೆಸುವ ಸಾಫ್ಟ್‌ವೇರ್ ಓಪನ್ ಎಡ್‌ಎಕ್ಸ್ ಇದೆ. ನಮ್ಮ ಪೊವಾಯಿಯ ಐಐಟಿಯೂ ಅದರ ಮೇಲೆಯೇ ತನ್ನ ಕೋರ್ಸುಗಳನ್ನು ಕಟ್ಟಿತು. 8 ಜಿಬಿ ರ‍್ಯಾಮ್‌ನ ಯಂತ್ರವಿದ್ದರೆ ಟ್ಯೂಟರ್ ಎಂಬ ಸಾಧನದಿಂದ ಪ್ರಯೋಗಕ್ಕೆ ಸ್ಥಾಪಿಸಿಕೊಳ್ಳಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಉತ್ತರ ಪರೀಕ್ಷಿಸುವ ಪ್ರಶ್ನೆಯ ಬಗೆ ಅದರಲ್ಲಿದೆ, ಮೇಲಿನ ಶುದ್ಧೀಕರಣಕ್ಕೆ ಕೆಲವೇ ಸಾಲು ಸಾಕು.

ಪ್ರಬಂಧದ ಉತ್ತರಗಳನ್ನು ಸಹಪಾಠಿಗಳೇ ತಿದ್ದುವ ವ್ಯವಸ್ಥೆಯೂ ಉಂಟು. ಮೂವರ ಅಂಕಗಳಲ್ಲಿ ನಡುವಿನದನ್ನು ಹಿಡಿದರೆ ಒಬ್ಬರ ಔದಾರ್ಯವೋ ಸಿಟ್ಟೋ ಫಲಿತಾಂಶ ಕೆಡಿಸದು. ಆದರೆ ಸಲ್ಲಿಕೆಗೂ ತಿದ್ದುವಿಕೆಗೂ ಒಂದೇ ಗಡುವು ಇಟ್ಟರೆ, ಕೊನೆಯ ರಾತ್ರಿ ಬರೆದವರನ್ನು ತಿದ್ದಲು ಯಾರೂ ಉಳಿಯುವುದಿಲ್ಲ. ನಡುವೆ ಒಂದು ವಾರವಾದರೂ ಬೇಕು.

ನುಡಿ, ಬರಹದ ಹಳೆಯ ಫಾಂಟಿನ ಪ್ರಶ್ನೆಪತ್ರಿಕೆಗಳನ್ನು ಹಾಗೇ ಅಂಟಿಸಿದರೆ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಅರ್ಕಾವತ್ತನ್ನು ಕಣ್ಣಿಟ್ಟು ನೋಡಬೇಕು: ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ದಾಖಲಾತಿ ತೆರೆಯುವ ಮುನ್ನ ಹತ್ತಿಪ್ಪತ್ತು ಜನರಿಂದ ಬೇರೆ ಬೇರೆ ಫೋನು, ಕೀಬೋರ್ಡುಗಳಲ್ಲಿ ಒಂದೇ ಉತ್ತರ ಟೈಪು ಮಾಡಿಸಿ, ಯಾರಿಗೆ ಸೊನ್ನೆ ಬಂತೆಂದು ನೋಡಲಿ.

– ಒಬ್ಬ ಓದುಗ, ಡೊಂಬಿವಲಿ