ಬೆಂಗಳೂರಿನ ರೇಟು ಬೇರೆ, ನೀನು ಕೊಳ್ಳೋ ರಸ್ತೆಯ ರೇಟು ಬೇರೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಲ್ಲಿ "ದೊಡ್ಡಮ್ಮ, ಈಗ ತಗೊಳ್ಳದಿದ್ರೆ ಬೆಂಗಳೂರಲ್ಲಿ ಇನ್ನು ಮನೆ ಆಗೋದೇ ಇಲ್ಲ" ಅಂದೆಯಲ್ಲ, ಆ ಮಾತು ಮನಸ್ಸಿಂದ ಹೋಗುತ್ತಿಲ್ಲ. ಎಲ್ಲಾ ಫೋನಲ್ಲಿ ಹೇಳೋಕೆ ಆಗಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬ್ಯಾಂಕಿನ ಗೃಹಸಾಲದ ಸೆಕ್ಷನ್ನಲ್ಲಿ ಕೂತು ಎಷ್ಟೋ ಜನರ ಮನೆ ಕಾಗದ ನೋಡಿದವಳು ನಾನು. ಸ್ವಂತ ಮನೆ ಬೇಡ ಅಂತ ಹೇಳುತ್ತಿಲ್ಲ. ಹೆದರಿಕೊಂಡು ತಗೋಬೇಡ ಅಂತ ಹೇಳುತ್ತಿದ್ದೇನೆ.

ರೇಟು ಏರಿರೋದು ನಿಜ. ಆದರೆ ಬೆಂಗಳೂರಿಗೆಲ್ಲ ಒಂದೇ ರೇಟು ಅಂತ ಇಲ್ಲ. ಪೇಪರಲ್ಲಿ ಇಷ್ಟು ಪರ್ಸೆಂಟ್ ಏರಿತು ಅಂತ ಬರೋದು ಇಡೀ ಊರಿನ ಸರಾಸರಿ. ಆ ಒಂದು ಅಂಕಿಯೊಳಗೆ ಜಯನಗರವೂ ಇದೆ, ಸರ್ಜಾಪುರ ರಸ್ತೆಯೂ ಇದೆ, ದೇವನಹಳ್ಳಿಯೂ ಇದೆ. ಮೂರು ಕಡೆ ಬೆಲೆ ಏರೋದಕ್ಕೆ ಮೂರು ಬೇರೆ ಕಾರಣ. ಜಯನಗರ, ಬಸವನಗುಡಿ, ಮಲ್ಲೇಶ್ವರದಲ್ಲಿ ಹೊಸ ಸೈಟೇ ಇಲ್ಲ, ಹಳೇ ಮನೆ ಒಡೆದರೆ ಮಾತ್ರ ಹೊಸದು. ಅಲ್ಲಿ ನೀನು ದುಡ್ಡು ಕೊಡೋದು ಮಣ್ಣಿಗೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಹೊರ ವರ್ತುಲ ರಸ್ತೆಯ ಕಡೆ ದುಡ್ಡು ಕೊಡೋದು ಆಫೀಸಿಗೆ ಹತ್ತಿರ ಅನ್ನೋದಕ್ಕೆ. ಆಫೀಸು ಜಾಗ ಬದಲಾಯಿಸಿದರೆ, ಮನೆಯಿಂದಲೇ ಕೆಲಸ ಮಾಡಿ ಅಂದರೆ, ಆ ಬೇಡಿಕೆಯೂ ಅಲ್ಲಾಡುತ್ತೆ. ಇನ್ನು ದೇವನಹಳ್ಳಿ ಕಡೆ ಬಹಳಷ್ಟು ಕೊಡೋದು ಮುಂದೆ ಬರೋದಕ್ಕೆ. ವಿಮಾನ ನಿಲ್ದಾಣ ಶುರುವಾಗಿದ್ದು 2008ರಲ್ಲಿ, ಆದರೆ ಅಲ್ಲಿನ ಜಮೀನಿನ ರೇಟು ಅದಕ್ಕಿಂತ ಮುಂಚೆಯೇ ಏರಿತ್ತು.

ಮೆಟ್ರೋ ಕಥೆಯೂ ಅದೇ. ನೇರಳೆ ಮಾರ್ಗ ವೈಟ್‌ಫೀಲ್ಡಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡಿದ್ದು 2023ರ ಅಕ್ಟೋಬರ್‌ನಲ್ಲಿ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಳದಿ ಮಾರ್ಗ ಬಂದಿದ್ದು 2025ರ ಆಗಸ್ಟ್‌ನಲ್ಲಿ. ಅದು ಬರೋ ಎಷ್ಟೋ ವರ್ಷ ಮುಂಚಿನಿಂದ ಅಲ್ಲಿನ ಬ್ರೋಷರ್‌ಗಳಲ್ಲಿ "ಮೆಟ್ರೋ ಪಕ್ಕದಲ್ಲೇ" ಅಂತ ಇತ್ತು. ಇನ್ನೂ ಬಾರದ ರೈಲಿಗೆ ಜನ ಆಗಲೇ ದುಡ್ಡು ಕೊಟ್ಟಾಗಿತ್ತು. ಆದ್ದರಿಂದ "ಮೆಟ್ರೋ ಬಂದ ಮೇಲೆ ಡಬಲ್ ಆಗುತ್ತೆ ಮೇಡಂ" ಅಂತ ಯಾರಾದರೂ ಹೇಳಿದರೆ, ಆ ಡಬಲ್‌ನಲ್ಲಿ ಎಷ್ಟು ಭಾಗ ಈಗಲೇ ಬೆಲೆಯಲ್ಲಿ ಸೇರಿದೆ ಅಂತ ನೀನು ಕೇಳಬೇಕು. ಅದನ್ನ ತಿಳ್ಕೊಳ್ಳೋದು ಹೇಗೆ ಅಂದರೆ, ಸ್ಟೇಷನ್ನಿಂದ ನಡೆದು ಹೋಗೋಷ್ಟು ಹತ್ತಿರದ ಹಳೇ ಫ್ಲಾಟ್, ಎರಡು ಕಿಲೋಮೀಟರ್ ಆಚೆಯ ಹಳೇ ಫ್ಲಾಟ್, ಇವೆರಡೂ ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾದವು ಅಂತ ವಿಚಾರಿಸು. ಜಾಹೀರಾತಲ್ಲಿ ಹಾಕಿರೋದು ಕೇಳೋ ರೇಟು ಅಷ್ಟೇ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಸಿಗೋ ಮಾರ್ಗಸೂಚಿ ದರವನ್ನೂ ನೋಡು. ಅದು ಸರ್ಕಾರ ನೋಂದಣಿಗೆ ಇಟ್ಟಿರೋ ಕನಿಷ್ಠ ದರ, ಮಾರುಕಟ್ಟೆ ದರ ಅಲ್ಲ, ಆದರೆ ಪಕ್ಕಪಕ್ಕದ ಬಡಾವಣೆಗೆ ಎಷ್ಟು ವ್ಯತ್ಯಾಸ ಅಂತ ಅಂದಾಜು ಸಿಗುತ್ತೆ.

ಈಗ ನೀರು. ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಕೋಟಿ ಬೆಲೆಯ ಅಪಾರ್ಟ್‌ಮೆಂಟಿನವರೂ ಟ್ಯಾಂಕರ್‌ಗೆ ಕಾದು ಕೂತಿದ್ದು ನೀನೇ ನೋಡಿದ್ದೀಯ. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಕಾವೇರಿ ನೀರು ತರೋ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿದ್ದೇ 2024ರ ಅಕ್ಟೋಬರ್‌ನಲ್ಲಿ. ಹಂತ ಉದ್ಘಾಟನೆ ಆಗಿದೆ ಅಂದ ಮಾತ್ರಕ್ಕೆ ನಿನ್ನ ಕಟ್ಟಡದ ಸಂಪ್, ಅಂದರೆ ನೆಲದಡಿಯ ತೊಟ್ಟಿಗೆ ನೀರು ಬರುತ್ತಿದೆ ಅಂತ ಅರ್ಥ ಅಲ್ಲ. ಏಪ್ರಿಲ್ ತಿಂಗಳಲ್ಲಿ ಬೆಳಗ್ಗೆ ಆರು ಗಂಟೆಗೆ ಆ ಗೇಟಿನ ಹತ್ತಿರ ಹೋಗಿ ನಿಂತುಕೋ. ಸಂಪಿನ ಮುಚ್ಚಳ ತೆಗೆದು ದಪ್ಪ ಪೈಪು ಇಳಿಬಿಟ್ಟಿದ್ದಾರಾ, ಹಿಂದೆ ಇನ್ನೊಂದು ಟ್ಯಾಂಕರ್ ಇಂಜಿನ್ ಆರಿಸದೆ ಕಾಯುತ್ತಿದೆಯಾ, ವಾಚ್‌ಮನ್ ಪುಸ್ತಕದಲ್ಲಿ ಲೋಡ್ ಬರ್ಕೊಳ್ತಾ ಇದ್ದಾನಾ ನೋಡು. ಆ ಪುಸ್ತಕ ಒಂದು ತಿರುವಿ ಹಾಕಿದರೆ ಸೇಲ್ಸ್‌ನವರು ಹೇಳದೇ ಇರೋದೆಲ್ಲ ಗೊತ್ತಾಗುತ್ತೆ. ಮಳೆಗಾಲದಲ್ಲೂ ಒಮ್ಮೆ ಹೋಗು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಜನರನ್ನ ಟ್ರ್ಯಾಕ್ಟರಲ್ಲಿ ಕೂರಿಸಿ ಹೊರಗೆ ತಂದರು. ಹಳೇ ಕೆರೆ, ರಾಜಕಾಲುವೆ ಎಲ್ಲಿತ್ತು ಅಂತ ಗ್ರಾಮನಕ್ಷೆಯಲ್ಲಿ ನೋಡದೆ ಮುಂದುವರಿಯಬೇಡ.

ಒಂದೇ ರಸ್ತೆಯಲ್ಲಿ ಎದುರುಬದುರು ಇರೋ ಎರಡು ಕಟ್ಟಡಕ್ಕೆ ರೇಟು ಅಷ್ಟು ಬೇರೆ ಯಾಕೆ ಅಂತ ನೀನು ಕೇಳಿದ್ದೆ ಅಲ್ವಾ? ಹೆಚ್ಚಿನ ಸಲ ಉತ್ತರ ಕಾಗದದಲ್ಲಿ ಇರುತ್ತೆ. ಒಂದಕ್ಕೆ ಎ ಖಾತಾ, ಅಂದರೆ ಪಾಲಿಕೆ ದಾಖಲೆಯಲ್ಲಿ ಎಲ್ಲಾ ಸಕ್ರಮ, ಇನ್ನೊಂದಕ್ಕೆ ಬಿ ಖಾತಾ, ಅಂದರೆ ತೆರಿಗೆ ಕಟ್ಟುತ್ತಿದ್ದರೂ ಅನುಮತಿಯಲ್ಲಿ ಕೊರತೆ. ಒಂದಕ್ಕೆ ಓಸಿ, ಅಂದರೆ ವಾಸಕ್ಕೆ ಅನುಮತಿ ಕೊಡೋ ಪ್ರಮಾಣಪತ್ರ ಇದೆ, ಇನ್ನೊಂದಕ್ಕೆ "ಬರುತ್ತೆ". ಕಡಿಮೆಗೆ ಸಿಕ್ಕಿತು ಅಂತ ಖುಷಿಪಟ್ಟು ಬಂದವರ ಫೈಲನ್ನ ಬೇಜಾರಿಂದಲೇ ವಾಪಸ್ ಕೊಟ್ಟಿದ್ದೇವೆ, ಯಾಕಂದ್ರೆ ಅಂಥ ಕಾಗದದ ಮೇಲೆ ಸಾಲ ಕೊಡೋಕೆ ಆಗುತ್ತಿರಲಿಲ್ಲ. ಆಮೇಲೆ ಅವರು ಮಾರೋಕೆ ಹೋದಾಗ ಕೊಳ್ಳುವವರಿಗೂ ಅದೇ ತೊಂದರೆ.

ಚದರ ಅಡಿ ಲೆಕ್ಕವನ್ನೂ ಸುಮ್ನೆ ಒಪ್ಕೋಬೇಡ. ಒಂದು ಉದಾಹರಣೆ ಹೇಳುತ್ತೇನೆ. ಸೂಪರ್ ಬಿಲ್ಟ್‌ಅಪ್, ಅಂದರೆ ಗೋಡೆ, ಮೆಟ್ಟಿಲು, ಲಿಫ್ಟ್ ಜಾಗದ ಪಾಲೂ ಸೇರಿಸಿ 1,300 ಚದರ ಅಡಿ, ಅಡಿಗೆ 8,000 ಅಂದರೆ 1 ಕೋಟಿ 4 ಲಕ್ಷ. ಒಳಗೆ ನೀನು ಕಾಲಿಡೋ ಕಾರ್ಪೆಟ್ ಏರಿಯಾ 910 ಅಡಿ ಇದ್ದರೆ ನಿಜವಾದ ರೇಟು ಅಡಿಗೆ 11,400 ದಾಟುತ್ತೆ. ಮನೆ ಕೊಳ್ಳುವವರ ರಕ್ಷಣೆಗೆ ಇರೋ ರೇರಾ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾ ಹೇಳಲೇಬೇಕು, ಅದನ್ನೇ ಕೇಳು. ಎರಡು ಬಡಾವಣೆಯ ರೇಟು ಹೋಲಿಸುವಾಗಲೂ ಅದರಲ್ಲೇ ಹೋಲಿಸು. ಜೊತೆಗೆ ನಿನ್ನ ಪಾಲಿಗೆ ಬರೋ ಭೂಮಿ ಎಷ್ಟು ಅಂತಲೂ ಕೇಳು, ಕಟ್ಟಡ ವರ್ಷ ಕಳೆದಂತೆ ಹಳೆಯದಾಗುತ್ತೆ, ಬೆಲೆ ಏರೋದು ಮಣ್ಣಿನದು.

ಬೆಲೆ ಏರಿದ ಹಾಗೆ ನಿನ್ನ ಕೈಯಿಂದ ಹೋಗೋದೂ ಜಾಸ್ತಿ. 75 ಲಕ್ಷಕ್ಕಿಂತ ದೊಡ್ಡ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ 75 ಪರ್ಸೆಂಟಿಗಿಂತ ಹೆಚ್ಚು ಕೊಡೋ ಹಾಗಿಲ್ಲ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ 1 ಪರ್ಸೆಂಟಿಂದ 2 ಪರ್ಸೆಂಟಿಗೆ ಏರಿದೆ. ಮುದ್ರಾಂಕ, ಸೆಸ್ ಎಲ್ಲಾ ಸೇರಿದರೆ 1 ಕೋಟಿಯ ಮನೆಗೆ ನಗರದಲ್ಲಿ ಸುಮಾರು 7 ಲಕ್ಷ 60 ಸಾವಿರ, ಅದು ಸಾಲದಲ್ಲಿ ಬರಲ್ಲ. 60 ಲಕ್ಷ ಸಾಲ, ಎಂಟೂವರೆ ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 52 ಸಾವಿರ ಕಂತು, ಕೊನೆಗೆ ಕಟ್ಟಿರೋದು ಹತ್ತಿರಹತ್ತಿರ 1 ಕೋಟಿ 25 ಲಕ್ಷ. ಅಂಥದ್ದೇ ಮನೆ ಅಲ್ಲೇ 30 ಸಾವಿರ ಬಾಡಿಗೆಗೆ ಸಿಗುವಾಗ, ಬಾಡಿಗೆ ಕಟ್ಟೋದು ದಂಡ ಅಂತ ಯಾರೋ ಅಂದರೆ ತಲೆ ಕೆಡಿಸ್ಕೋಬೇಡ. ನಾನಾಗಿದ್ದರೆ ಇಷ್ಟವಾದ ಏರಿಯಾದಲ್ಲೇ ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡುತ್ತಿದ್ದೆ. ಅಷ್ಟರಲ್ಲಿ ರೇಟು ಸ್ವಲ್ಪ ಏರಬಹುದು, ಏರಲಿ. ತಪ್ಪು ಜಾಗಕ್ಕೆ 20 ವರ್ಷ ಕಂತು ಕಟ್ಟೋದಕ್ಕಿಂತ ಅದು ಕಡಿಮೆ ನಷ್ಟ.

ಟೋಕನ್ ಅಡ್ವಾನ್ಸ್ ಸದ್ಯಕ್ಕೆ ಕೊಡಬೇಡ. "ಭಾನುವಾರವೇ ಕೊನೆ ಆಫರ್" ಅಂತ ಅವರು ಹೇಳಲಿ, ಪರವಾಗಿಲ್ಲ. ಮದರ್ ಡೀಡ್ (ಆಸ್ತಿಯ ಮೂಲ ಪತ್ರ), 30 ವರ್ಷದ ಇಸಿ (ಋಣಭಾರ ಪತ್ರ), ಇ-ಖಾತಾ (ಪಾಲಿಕೆಯ ಡಿಜಿಟಲ್ ಖಾತೆ), ರೇರಾ ನಂಬರ್ ಇಷ್ಟನ್ನ ಕೇಳಿ ನನಗೆ ಕಳಿಸು. ಪ್ರಿಂಟ್ ತೆಗೆಸಿ ಕೂತು ಓದುತ್ತೇನೆ, ನಮ್ಮ ಪರಿಚಯದ ವಕೀಲರಿಗೂ ತೋರಿಸುತ್ತೇನೆ. ಅವರು ಕಾಗದ ಕೊಡೋಕೆ ಹಿಂದೆಮುಂದೆ ನೋಡಿದರೆ ಅದನ್ನೂ ಹೇಳು.

ನಿನ್ನ ದೊಡ್ಡಮ್ಮ